ಇರಾನ್ ಕ್ರಾಂತಿ: ಕಾರಣಗಳ ಗಂಟು ಬಿಡಿಸುವುದು ಹೇಗೆ?

1979ರಲ್ಲಿ ಇರಾನಿನ ಷಾ, ಅಂದರೆ ದೊರೆ ಮೊಹಮ್ಮದ್ ರೆಜಾ ಪಹ್ಲವಿ, ಯಾಕೆ ಬಿದ್ದ ಎಂದು ಕೇಳಿದರೆ ‘ಧರ್ಮ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರೇ ಹೆಚ್ಚು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಂತೂ ಈ ಗುಂಡಿಗೆ ಬೀಳಲೇಬಾರದು. ಒಂದು ಹಾಳೆ ತೆಗೆದುಕೊಂಡು ಹಣ, ಜನ, ದಿನಾಂಕ ಎಂದು ಮೂರು ಕಾಲಂ ಎಳೆಯಿರಿ.

ಹಂತ 1: 1953ರಿಂದ ಶುರು ಮಾಡಿ

ತೈಲವನ್ನು 1951ರಲ್ಲಿ ರಾಷ್ಟ್ರೀಕರಣ ಮಾಡಿದ ಪ್ರಧಾನಿ ಮೊಸಾದೆಗ್ ಅವರನ್ನು 1953ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ಗುಪ್ತಚರ ಸಂಸ್ಥೆಗಳ ನೆರವಿನಿಂದ ಇಳಿಸಲಾಯಿತು. ಷಾನ ಸಿಂಹಾಸನ ಗಟ್ಟಿಯಾಯಿತು, ಆದರೆ ‘ಹೊರಗಿನವರು ಕೂರಿಸಿದ ದೊರೆ’ ಎಂಬ ಮಾತು ಅಂಟಿಕೊಂಡಿತು. 1957ರಲ್ಲಿ ಸಾವಕ್ ಎಂಬ ರಹಸ್ಯ ಪೊಲೀಸ್ ಪಡೆ ಬಂತು. 1963ರ ‘ಶ್ವೇತ ಕ್ರಾಂತಿ’ಯನ್ನು (ಭೂಸುಧಾರಣೆಯೂ ಸೇರಿದ್ದ ಷಾನ ಸುಧಾರಣಾ ಯೋಜನೆ) ವಿರೋಧಿಸಿದ ಧರ್ಮಗುರು ಖೊಮೇನಿಯವರನ್ನು 1964ರಲ್ಲಿ ಗಡಿಪಾರು ಮಾಡಿದರು.

ಹಂತ 2: ಹಣದ ಕಾಲಂ ತುಂಬಿ

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. 1973ರ ಅಕ್ಟೋಬರ್‌ಗೆ ಮುಂಚೆ ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ತೈಲದ ಬೆಲೆ 1974ರ ಜನವರಿಯಲ್ಲಿ 11.65 ಡಾಲರ್ ಆಯಿತು. ಷಾ ಪಂಚವಾರ್ಷಿಕ ಯೋಜನೆಯ ಗಾತ್ರವನ್ನು ಹೆಚ್ಚುಕಮ್ಮಿ ಇಮ್ಮಡಿ ಮಾಡಿದ. ಹಣವೇನೋ ಬಂತು, ಅದನ್ನು ತಾಳಿಕೊಳ್ಳುವ ಬಂದರು, ರಸ್ತೆ, ಕುಶಲ ಕೆಲಸಗಾರರು ಎಲ್ಲಿದ್ದರು? ಖೊರ್ರಂಶಹರ್ ಬಂದರಿನಲ್ಲಿ ಸರಕು ಇಳಿಸಲು ಹಡಗುಗಳು ತಿಂಗಳುಗಟ್ಟಲೆ ಕಾದವು. ಲಾರಿಗಳು ಬಂದಿಳಿದರೆ ಓಡಿಸಲು ಚಾಲಕರಿಲ್ಲ. ಮನೆ ಬಾಡಿಗೆ, ದಿನಸಿ ಎರಡೂ ಕೈಗೆಟುಕದಂತಾದವು. 1977ರಲ್ಲಿ ಹೊಸ ಪ್ರಧಾನಿ ಅಮೂಜೆಗಾರ್ ಖರ್ಚಿಗೆ ಕತ್ತರಿ ಹಾಕಿದ್ದೇ ತಡ, ಕಟ್ಟಡ ಕೆಲಸ ನೆಚ್ಚಿ ಹಳ್ಳಿಯಿಂದ ಬಂದಿದ್ದವರ ಕೂಲಿಯೂ ಹೋಯಿತು. ಬಡತನಕ್ಕಿಂತ, ಏರಿ ಇಳಿದ ಈ ಆಸೆಯೇ ಹೆಚ್ಚು ಅಪಾಯಕಾರಿ.

ನಮ್ಮ ಕುದುರೆಮುಖಕ್ಕೆ 63 ಕೋಟಿ ಡಾಲರ್ ಸಾಲ ಕೊಡಲು, ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿತ ಅದಿರು ಕೊಳ್ಳಲು ಒಪ್ಪಿದ್ದೂ ಇದೇ ಧಾರಾಳದ ಕಾಲದ ಇರಾನ್. ಗಣಿ ಸಿದ್ಧವಾಗುವ ಹೊತ್ತಿಗೆ ಕೊಳ್ಳುವವರೇ ಕೈಬಿಟ್ಟಿದ್ದರು.

ಹಂತ 3: ಯಾರಿಗೆ ಪೆಟ್ಟು ಬಿತ್ತು?

ಬೆಲೆ ಏರಿದ್ದಕ್ಕೆ ಷಾ ದೂರಿದ್ದು ಬಜಾರಿನ ವರ್ತಕರನ್ನು. 1975ರಲ್ಲಿ ಅಂಗಡಿ ತಪಾಸಣೆಗೆ ವಿದ್ಯಾರ್ಥಿಗಳ ತಂಡಗಳನ್ನು ಬಿಟ್ಟು, ಸಾವಿರಾರು ವರ್ತಕರಿಗೆ ದಂಡ ಹಾಕಿದರು, ಜೈಲಿಗೂ ತಳ್ಳಿದರು. ಮಸೀದಿ, ಮದರಸಾಗಳಿಗೆ ಹಣ ಹರಿಯುತ್ತಿದ್ದುದು ಈ ಬಜಾರಿನಿಂದಲೇ. ಅದೇ ವರ್ಷ ರಸ್ತಾಖೀಜ್ ಎಂಬ ಏಕೈಕ ಪಕ್ಷ ಬಂತು; ಸೇರಲು ಇಷ್ಟವಿಲ್ಲದವರು ದೇಶ ಬಿಡಬಹುದು ಎಂದ ಷಾ. ಬಾಯಿಗೆ ಬೀಗ ಬಿದ್ದ ಮೇಲೆ ಮಾತಿಗೆ ಉಳಿದ ಜಾಗ ಮಸೀದಿ. ಖೊಮೇನಿಯವರ ಭಾಷಣಗಳು ಕ್ಯಾಸೆಟ್‌ಗಳಲ್ಲಿ ಊರೂರು ಸುತ್ತಿದವು. ಧರ್ಮವನ್ನು ಬರೆಯಬೇಕಾದ್ದು ಇಲ್ಲಿ, ಮೊದಲ ಸಾಲಿನಲ್ಲಲ್ಲ.

ಹಂತ 4: ನಲವತ್ತು ದಿನ ಎಣಿಸಿ

1978ರ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಜನವರಿ 7ರಂದು ‘ಎತ್ತೆಲಾಆತ್’ ಪತ್ರಿಕೆಯಲ್ಲಿ ಖೊಮೇನಿಯವರನ್ನು ಹೀಯಾಳಿಸುವ ಲೇಖನ. 9ರಂದು ಕೋಮ್ ನಗರದಲ್ಲಿ ಪ್ರತಿಭಟನೆ, ಗೋಲಿಬಾರ್. ಶಿಯಾ ಪದ್ಧತಿಯಲ್ಲಿ ಸತ್ತವರ ನಲವತ್ತನೇ ದಿನಕ್ಕೆ ಸ್ಮರಣೆ. ಎಣಿಸಿದರೆ ಫೆಬ್ರುವರಿ 18: ತಬ್ರೀಜ್ ನಗರ ಹೊತ್ತಿ ಉರಿಯಿತು. ಮತ್ತೆ ನಲವತ್ತು, ಮಾರ್ಚ್ 30: ಯಜ್ದ್. ಪ್ರತಿ ಗುಂಡೂ ಮುಂದಿನ ಮೆರವಣಿಗೆಗೆ ದಿನ ಗೊತ್ತುಮಾಡುತ್ತಿತ್ತು.

ಆಗಸ್ಟ್ 19ರಂದು ಆಬಾದಾನಿನ ರೆಕ್ಸ್ ಚಿತ್ರಮಂದಿರದ ಬೆಂಕಿಗೆ ನೂರಾರು ಮಂದಿ ಬಲಿಯಾದರು. ಬೆಂಕಿ ಇಟ್ಟವರಾರು ಎಂಬ ವಾದಕ್ಕೆ ಇಳಿದು ದಾರಿ ತಪ್ಪಬೇಡಿ. ಕಾರಣಗಳ ಪಟ್ಟಿಗೆ ಬೇಕಾದ್ದು ಇಷ್ಟೇ: ಜನ ಅಂದು ಸಾವಕ್ ಮೇಲೆ ಅನುಮಾನಪಟ್ಟರು. ಸೆಪ್ಟೆಂಬರ್ 8ರಂದು ಟೆಹ್ರಾನಿನ ಜಾಲೆ ಚೌಕದಲ್ಲಿ ಸೈನ್ಯ ಗುಂಡು ಹಾರಿಸಿದ ಮೇಲೆ ರಾಜಿಯ ಬಾಗಿಲು ಮುಚ್ಚಿತು.

ಹಂತ 5: ನಲ್ಲಿ ನಿಲ್ಲಿಸಿದವರನ್ನು ಮರೆಯಬೇಡಿ

ಮೆರವಣಿಗೆಗಳ ಚಿತ್ರ ಕಣ್ಣು ತುಂಬುವುದರಿಂದ ಹಲವರು ಬಿಟ್ಟುಬಿಡುವುದು ತೈಲ ಕಾರ್ಮಿಕರ ಮುಷ್ಕರವನ್ನು. ದಿನಕ್ಕೆ 60 ಲಕ್ಷ ಬ್ಯಾರೆಲ್ ಆಸುಪಾಸಿನಲ್ಲಿದ್ದ ಉತ್ಪಾದನೆ ಡಿಸೆಂಬರ್ ಕೊನೆಗೆ ದೇಶದ ಸ್ವಂತ ಬಳಕೆಗೂ ಸಾಲದಷ್ಟು ಕುಸಿಯಿತು, ರಫ್ತು ನಿಂತಿತು. ತೆರಿಗೆಗಿಂತ ತೈಲವನ್ನೇ ನಂಬಿದ್ದ ಬೊಕ್ಕಸ ಬತ್ತಿತು. 1979ರ ಜನವರಿ 16ರಂದು ಷಾ ವಿಮಾನ ಹತ್ತಿದ.