ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರ ಸುರಕ್ಷತೆಗಾಗಿ ಒಂದು ಸಲಹೆ

ತುಮಕೂರಿನ ಬಿ.ಎಚ್. ರಸ್ತೆಯಂತಹ ದಟ್ಟಣೆಯ ಕಡೆಗಳಲ್ಲಿ ಮಕ್ಕಳನ್ನು ದಾಟಿಸಲು ನಿಲ್ಲುವ ಸಿಬ್ಬಂದಿಯ ಸುರಕ್ಷತೆಯತ್ತ ಪೋಷಕರೂ ಶಾಲೆಯವರೂ ಗಮನ ಹರಿಸಬೇಕೆಂದು ಕೋರುತ್ತೇನೆ. ಗಂಟೆಗೆ 40 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುವುದರಿಂದ, ಎತ್ತಿದ ಕೈಯನ್ನು ಕಂಡು ಚಾಲಕನು ಬ್ರೇಕ್ ಒತ್ತುವಷ್ಟರಲ್ಲೇ ಅದು ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದದಷ್ಟು ಮುಂದೆ ಬಂದಿರುತ್ತದೆ. ಆದ್ದರಿಂದ ವಾಹನಗಳ ನಡುವೆ ಸಾಕಷ್ಟು ಅಂತರ ಕಂಡಾಗ ಮಾತ್ರ ರಸ್ತೆಗಿಳಿದು, ಎರಡೂ ಬದಿಯ ವಾಹನಗಳು ಪೂರ್ತಿ ನಿಂತ ಮೇಲೆಯೇ ಮಕ್ಕಳನ್ನು ಕರೆಯಬೇಕು. ಕೊನೆಯ ಮಗು ದಾಟಿದ ನಂತರವೇ ತಾವು ಸರಿಯಬೇಕು.

ನಿಜವಾದ ಅಪಾಯವಿರುವುದು ನಿಂತ ಬಸ್ಸಿನ ಮರೆಯಲ್ಲಿ. ಬಸ್ಸು ನಿಂತಿತೆಂದು ಮುಂದೆ ಹೆಜ್ಜೆಯಿಟ್ಟಾಗ ಅದರ ಪಕ್ಕದಿಂದ ದ್ವಿಚಕ್ರ ವಾಹನವೊಂದು ನುಗ್ಗಿ ಬರಬಹುದು, ಹಾಗಾಗಿ ಬಸ್ಸಿನ ಅಂಚಿನಲ್ಲಿ ನಿಂತು ಇಣುಕಿ ನೋಡುವುದು ಅಗತ್ಯ.

ಹೊಳೆಯುವ ಹಳದಿ-ಹಸಿರು ಜಾಕೆಟ್ ಹಗಲಿನಲ್ಲಿ ಎದ್ದು ಕಾಣುತ್ತದೆ. ಅದರ ಬೆಳ್ಳಿ ಪಟ್ಟಿಗಳಾದರೋ ಹೆಡ್‌ಲೈಟ್ ಬಿದ್ದಾಗ ಮಾತ್ರ ಮಿನುಗುವುದರಿಂದ, ಮಂಜಿನ ಬೆಳಗಿಗೂ ಮಳೆಗಾಲದ ಸಂಜೆಗೂ ಎರಡೂ ಇರುವ ಜಾಕೆಟನ್ನೇ ಕೊಡಿಸುವುದು ಉತ್ತಮ. ಬರೀ ಸೀಟಿ ಕೊಟ್ಟು ನಿಲ್ಲಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಗೇಟಿನೆದುರೇ ಕಾರು, ಸ್ಕೂಟರ್ ನಿಲ್ಲಿಸಿ ಅವರನ್ನು ಚಾಲಕರ ಕಣ್ಣಿಗೆ ಮರೆಮಾಡುವವರು ಬಹುಪಾಲು ನಾವೇ, ಪೋಷಕರು. ನಾಳೆಯಿಂದಲೇ ವಾಹನಗಳನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸೋಣ.