ಗುವಾಮ್ ರಾಜಕಾರಣಿಯ ಪರಿಚಯ ಬರೆಯೋಕೆ ಕೂತಾಗ

ಗುವಾಮ್ ಅಂದರೆ ಪೆಸಿಫಿಕ್ ಸಾಗರದಲ್ಲಿರುವ, ಅಮೆರಿಕಕ್ಕೆ ಸೇರಿದ ಒಂದು ದ್ವೀಪ. ಅಲ್ಲಿನ ಸೆನೆಟರ್ ಒಬ್ಬರ ಬಗ್ಗೆ ನಾನು ಬರೆದ ಮೊದಲ ಪರಿಚಯದಲ್ಲೇ ದೊಡ್ಡ ತಪ್ಪಾಗಿತ್ತು. 'ಅಮೆರಿಕದ ಸೆನೆಟರ್' ಅಂತ ಬರೆದುಬಿಟ್ಟಿದ್ದೆ. ಅವರು ಕೂತಿದ್ದದ್ದು ವಾಷಿಂಗ್ಟನ್‌ನಲ್ಲಿ ಅಲ್ಲ, ರಾಜಧಾನಿ ಹಗಾಟ್ನ್ಯಾದಲ್ಲಿರುವ ದ್ವೀಪದ ಶಾಸನಸಭೆಯಲ್ಲಿ. ಅಲ್ಲಿನ ಶಾಸಕರಿಗೂ ಸೆನೆಟರ್ ಅಂತಲೇ ಕರೆಯುತ್ತಾರೆ. ಅವತ್ತಿನಿಂದ ಹುದ್ದೆಯ ಹೆಸರು ನೋಡಿ ಬರೆಯೋದು ಬಿಟ್ಟೆ. ಆ ಹುದ್ದೆಯಲ್ಲಿದ್ದವರ ಕೈಯಲ್ಲಿ ಏನಾಗುತ್ತಿತ್ತು, ಏನಾಗುತ್ತಿರಲಿಲ್ಲ ಅನ್ನೋದನ್ನು ಮೊದಲು ನೋಡುತ್ತೇನೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲು ಮೆಟ್ಟಿಲುಗಳು ಗೊತ್ತಿರಲಿ. ಕೆಳಗೆ ಮೇಯರ್. ದ್ವೀಪದಲ್ಲಿ 19 ಹಳ್ಳಿಗಳಿವೆ, ಅವುಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಮೇಯರ್ ಚುನಾವಣೆ. ಕಾನೂನು ಮಾಡುವ ಅಧಿಕಾರ ಮೇಯರ್‌ಗೆ ಇಲ್ಲ. ಆದರೆ ಟೈಫೂನ್ ಬಡಿದು ಕರೆಂಟ್, ನೀರು ಹೋದಾಗ ಹಳ್ಳಿಯವರು ಹುಡುಕೋದು ಅವರನ್ನೇ. ಅದರ ಮೇಲೆ ಶಾಸನಸಭೆ. 15 ಸೆನೆಟರ್‌ಗಳು, ಅವಧಿ ಎರಡೇ ವರ್ಷ. 1998ರ ಚುನಾವಣೆಗೆ ಮುಂಚೆ 21 ಸ್ಥಾನಗಳಿದ್ದವು. ಅದಕ್ಕೂ ಮೇಲೆ ಗವರ್ನರ್. ಇನ್ನೊಂದು ಕಡೆ, ಅಮೆರಿಕದ ಪ್ರತಿನಿಧಿಗಳ ಸಭೆಗೆ ಹೋಗುವ ಒಬ್ಬ ಡೆಲಿಗೇಟ್.

ಸೆನೆಟರ್‌ಗಳಿಗೆ ಬೇರೆ ಬೇರೆ ಕ್ಷೇತ್ರ ಅನ್ನೋದೇ ಇಲ್ಲ. ಇಡೀ ದ್ವೀಪವೇ ಒಂದು ಕ್ಷೇತ್ರ. ಮತದಾರರು ಒಂದೇ ಚೀಟಿಯಲ್ಲಿ 15 ಹೆಸರುಗಳವರೆಗೆ ಗುರುತು ಹಾಕಬಹುದು. ಹಾಗಾಗಿ 'ಇಂಥ ಊರಿನ ಶಾಸಕ' ಅಂತ ಬರೆದರೆ ತಪ್ಪು. ಉತ್ತರದ ಡೆಡೆಡೊದಲ್ಲಿ ಹುಟ್ಟಿದವರೂ ದಕ್ಷಿಣದ ತುದಿಯ ಹಳ್ಳಿಗೆ ಹೋಗಿ ಮತ ಕೇಳಲೇಬೇಕು. ಯಾರದೋ ಮನೆಯಂಗಳದಲ್ಲಿ ಸೇರುವ ಸಣ್ಣ ಸಭೆಗೆ ಅಲ್ಲಿ 'ಪಾಕೆಟ್ ಮೀಟಿಂಗ್' ಅಂತಾರೆ. ನಂಟರು, ನೆರೆಯವರು ಕೂತು ಅಭ್ಯರ್ಥಿಯ ಜೊತೆ ಊಟ ಮಾಡುತ್ತಲೇ ಮಾತಾಡುತ್ತಾರೆ. ಇದಲ್ಲದೆ ರಸ್ತೆ ಬದಿಯಲ್ಲಿ ಬೋರ್ಡ್ ಹಿಡಿದು ನಿಂತು, ಹೋಗೋ ಬರೋ ಕಾರುಗಳಿಗೆ ಕೈ ಬೀಸೋದು. ಪ್ರಚಾರದ ಬಗ್ಗೆ ಬರೆಯುವಾಗ ಇವನ್ನು ಬಿಡಬೇಡಿ. 2020ರ ಗಣತಿಯಲ್ಲಿ ಇಡೀ ದ್ವೀಪದ ಜನಸಂಖ್ಯೆ ಸುಮಾರು 1,54,000. ಇಷ್ಟು ಚಿಕ್ಕ ಜಾಗದಲ್ಲಿ ಮುಖ ಪರಿಚಯಕ್ಕೆ ಎಷ್ಟು ಬೆಲೆ ಇರುತ್ತೆ ಯೋಚಿಸಿ.

ಈಗ ಒಂದು ಹಾಳೆ ತಗೊಂಡು ನಾಲ್ಕು ಕಾಲಂ ಹಾಕಿ. ವರ್ಷ, ಹುದ್ದೆ, ಹುದ್ದೆ ಹೇಗೆ ಸಿಕ್ಕಿತು, ಅಧಿಕಾರ ಎಷ್ಟಿತ್ತು. ಗುವಾಮ್‌ನ ಹಿಂದಿನ ತಲೆಮಾರಿನ ರಾಜಕಾರಣಿ ಆಂಟೋನಿಯೊ ವಾನ್ ಪ್ಯಾಟ್ ಅವರ ಹಾಳೆಯನ್ನೇ ತೋರಿಸುತ್ತೇನೆ.

ಹುಟ್ಟಿದ್ದು 1908, ಸುಮಾಯ್ ಹಳ್ಳಿಯಲ್ಲಿ. ಆ ಹಳ್ಳಿ ಈಗ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಹಾಳಾಯಿತು, ಜಾಗ ನೌಕಾಪಡೆಯ ಪಾಲಾಯಿತು, ಊರವರನ್ನು ಸಾಂಟಾ ರೀಟಾಗೆ ಕಳಿಸಿದರು. ಹುಟ್ಟೂರು ಬರೆಯುವಾಗ ಈ ಸಾಲನ್ನೂ ಸೇರಿಸಿದರೆ ಓದುಗರಿಗೆ ಆ ಮನುಷ್ಯ ಎಲ್ಲಿಂದ ಬಂದವರು ಅಂತ ನಿಜವಾಗಿ ಗೊತ್ತಾಗುತ್ತೆ. ವೃತ್ತಿಯಲ್ಲಿ ಮೇಷ್ಟ್ರು. 1936ರಲ್ಲಿ ಗುವಾಮ್ ಕಾಂಗ್ರೆಸ್‌ಗೆ, ಅಂದರೆ ಆಗಿನ ದ್ವೀಪದ ಸಭೆಗೆ, ಆಯ್ಕೆಯಾದರು. ನಾಲ್ಕನೇ ಕಾಲಂನಲ್ಲಿ ನಾನು ಬರೆದುಕೊಂಡದ್ದು: 'ಬರೀ ಸಲಹೆ'. ಆಗ ದ್ವೀಪವನ್ನು ಆಳುತ್ತಿದ್ದದ್ದು ನೌಕಾಪಡೆಯ ಗವರ್ನರ್. ಸದಸ್ಯರು ಏನು ಹೇಳಿದರೂ ಕೊನೆಯ ಮಾತು ಅವರದ್ದೇ.

1949ರ ಮಾರ್ಚ್ 5ಕ್ಕೆ ಬನ್ನಿ. ವಾನ್ ಪ್ಯಾಟ್ ಆಗ ಗುವಾಮ್ ಕಾಂಗ್ರೆಸ್‌ನ ಕೆಳಮನೆಯ ಸ್ಪೀಕರ್. ನೌಕಾಪಡೆಯ ಅಮೆರಿಕನ್ ನೌಕರನೊಬ್ಬ ಅಕ್ರಮವಾಗಿ ವ್ಯಾಪಾರ ಮಾಡುತ್ತಿದ್ದಾನೆ ಅನ್ನೋ ಅನುಮಾನದ ಮೇಲೆ ಸಭೆ ಅವನನ್ನು ವಿಚಾರಣೆಗೆ ಕರೆಯಿತು. ಅವನು ಉತ್ತರ ಕೊಡಲಿಲ್ಲ. ಗವರ್ನರ್ ಅವನ ಬೆನ್ನಿಗೆ ನಿಂತರು. ಸದಸ್ಯರು ಎದ್ದು ಹೊರನಡೆದರು. ಸುದ್ದಿ ಅಮೆರಿಕದ ಪತ್ರಿಕೆಗಳಿಗೆ ಮುಟ್ಟಿತು. ಮರುವರ್ಷ, 1950ರ ಆಗಸ್ಟ್ 1ರಂದು, ಅಧ್ಯಕ್ಷ ಟ್ರೂಮನ್ ಗುವಾಮ್‌ನ ಆಡಳಿತದ ಮೂಲ ಕಾನೂನಾದ ಆರ್ಗ್ಯಾನಿಕ್ ಆಕ್ಟ್‌ಗೆ ಸಹಿ ಹಾಕಿದರು. ದ್ವೀಪದ ಜನ ಅಮೆರಿಕದ ಪ್ರಜೆಗಳಾದರು, ಕಾನೂನು ಮಾಡುವ ಶಾಸನಸಭೆಯೂ ಬಂತು. ಈ ಪ್ರಸಂಗಕ್ಕೆ ಜಾಸ್ತಿ ಜಾಗ ಕೊಡಿ. ಇದನ್ನು ಒಂದೇ ಸಾಲಲ್ಲಿ ಮುಗಿಸಿದ ಪರಿಚಯ ಓದಿದಾಗೆಲ್ಲ ನನಗೆ ಬೇಜಾರಾಗುತ್ತೆ.

ಮುಂದೆ ಅವರು ಹೊಸ ಶಾಸನಸಭೆಯ ಸ್ಪೀಕರ್ ಆದರು. 1965ರಿಂದ ವಾಷಿಂಗ್ಟನ್‌ನಲ್ಲಿ ಗುವಾಮ್‌ನ ಪ್ರತಿನಿಧಿ. ಆದರೆ ಪ್ರತಿನಿಧಿಗಳ ಸಭೆಯಲ್ಲಿ ಕುರ್ಚಿ ಇಲ್ಲ! 1973ರಲ್ಲಿ ಕುರ್ಚಿ ಸಿಕ್ಕಿತು, ದ್ವೀಪದ ಮೊದಲ ಡೆಲಿಗೇಟ್ ಆದರು. ಮಸೂದೆ ಮಂಡಿಸಬಹುದು, ಮಾತಾಡಬಹುದು, ಸಮಿತಿಯಲ್ಲಿ ಮತ ಹಾಕಬಹುದು. ಮಸೂದೆ ಪಾಸಾಗುವ ಕೊನೇ ಮತದಾನದಲ್ಲಿ ಮಾತ್ರ ಮತ ಇಲ್ಲ. ಇವತ್ತಿಗೂ ಹಾಗೇ ಇದೆ. ಡೆಲಿಗೇಟ್ ಅಂತ ಬರೆದ ಕಡೆ ಇದನ್ನು ಹೇಳದೆ ಮುಂದೆ ಹೋಗಬೇಡಿ.

ಸೋಲುಗಳನ್ನೂ ಬರೆಯಿರಿ. 1984ರಲ್ಲಿ ವಾನ್ ಪ್ಯಾಟ್ ಕೆಲವೇ ನೂರು ಮತಗಳಿಂದ ಬೆನ್ ಬ್ಲಾಸ್ ಎದುರು ಸೋತರು. ರಿಕಾರ್ಡೊ ಬೋರ್ಡಾಲೊ ಗವರ್ನರ್ ಆಗಿ 1974ರಲ್ಲಿ ಗೆದ್ದರು, 1978ರಲ್ಲಿ ಸೋತರು, 1982ರಲ್ಲಿ ಮತ್ತೆ ಗೆದ್ದರು, 1986ರಲ್ಲಿ ಮತ್ತೆ ಸೋತರು. ಅವರ ಹೆಂಡತಿ ಮ್ಯಾಡಲೀನ್ ಬೋರ್ಡಾಲೊ 1990ರಲ್ಲಿ ಗವರ್ನರ್ ಚುನಾವಣೆಗೆ ನಿಂತು ಸೋತರು. ಆಮೇಲೆ ಲೆಫ್ಟಿನೆಂಟ್ ಗವರ್ನರ್, ಆಮೇಲೆ 2003ರಿಂದ 2019ರವರೆಗೆ ಡೆಲಿಗೇಟ್. 1990ರ ಸೋಲನ್ನು ಬಿಟ್ಟರೆ ಅವರ ದಾರಿ ಸುಮ್ನೆ ಸಲೀಸಾಗಿ ಸಾಗಿದ ಹಾಗೆ ಕಾಣುತ್ತೆ, ಅಲ್ವಾ?

ನಡುವಿನ ಹೆಸರನ್ನು, ಬರೀ ಅದರ ಮೊದಲಕ್ಷರ ಇದ್ದರೂ, ಕಿತ್ತುಹಾಕಬೇಡಿ. ದ್ವೀಪದ ಮೂಲನಿವಾಸಿಗಳಾದ ಚಮೋರೊ ಮನೆತನಗಳಲ್ಲಿ ಸಾಮಾನ್ಯವಾಗಿ ಅದು ತಾಯಿಯ ತವರಿನ ಹೆಸರು. ಗವರ್ನರ್ ಆಗಿದ್ದ ಎಡ್ಡಿ ಬಾಸಾ ಕಾಲ್ವೊ ಅಂದರೆ ತಾಯಿ ಬಾಸಾ ಮನೆಯವರು, ತಂದೆ ಅವರಿಗಿಂತ ಹಿಂದೆ ಗವರ್ನರ್ ಆಗಿದ್ದ ಪಾಲ್ ಕಾಲ್ವೊ. ಒಂದೇ ಹೆಸರಲ್ಲಿ ಎರಡು ಮನೆತನದ ನಂಟು ಸಿಗುತ್ತೆ. ಓಟಿನ ಲೆಕ್ಕದಲ್ಲಿ ಅದು ಸಣ್ಣ ವಿಷಯ ಅಲ್ಲ.

ಕೊನೆಗೆ ಊರ ಹೆಸರುಗಳು. ಇಂಗ್ಲಿಷ್ ಕಾಗುಣಿತ ನೋಡಿ ಕನ್ನಡಕ್ಕೆ ಇಳಿಸಬೇಡಿ, ಅಲ್ಲಿನವರು ಮಾತಾಡುವ ವಿಡಿಯೊ ಹಾಕಿ ಕೇಳಿ. ನಾನು 'ಯಿಗೊ' ಅಂತ ಬರೆದಿದ್ದ ಹಳ್ಳಿಯನ್ನು ಅವರು 'ಜೀಗೊ' ಅಂತಾರೆ. ಹಳೆಯ ಬರಹಗಳಲ್ಲಿ 'ಅಗಾನ' ಅಂತ ಕಂಡರೆ ಅದೂ ಹಗಾಟ್ನ್ಯಾವೇ, 1998ರಲ್ಲಿ ಹೆಸರು ಬದಲಾಯಿತು. ಎರಡನ್ನೂ ಒಮ್ಮೆ ಬರೆದು, ಆಮೇಲೆ ಹೊಸದನ್ನೇ ಬಳಸಿ.