ನಲ್ಲಿ ಹಿಡಿದು ಹೊರಟೆ, ಇಡೀ ಲೈನ್ ಸಿಕ್ಕಿತು

ಕೆಜಿಎಫ್‌ನಲ್ಲಿ ಬಿದ್ದುಹೋದ ಒಂದು ಲೈನ್‌ನ, ಅಂದರೆ ಚಿನ್ನದ ಗಣಿ ಕಾರ್ಮಿಕರ ಮನೆಸಾಲಿನ, ನಕ್ಷೆ ಕೊನೆಗೂ ಮುಗಿಯಿತು. 41 ಮನೆ, ಎರಡು ನಲ್ಲಿ, ಒಂದು ಮಾರಮ್ಮನ ಗುಡಿ, ಒಂದು ಸಾಲು ಕಕ್ಕಸು. ಈಗ ಅಲ್ಲಿ ಹೋಗಿ ನೋಡಿದರೆ ಸೀಮೆಜಾಲಿ ಬಿಟ್ಟು ಏನೂ ಇಲ್ಲ. ಹೆಚ್ಚುಕಮ್ಮಿ ಮೂರು ವರ್ಷ ಹಿಡಿಯಿತು. "ನಲ್ಲಿ ಹಿಡ್ಕೊಂಡು ಚರಿತ್ರೆ ಬರೀತೀರಾ ಸಾರ್?" ಅಂತ ಕೇಳಿದವರೇ ಈಗ ಫೋನ್ ಮಾಡಿ, ನಮ್ಮ ಕಡೆಗೂ ಬನ್ನಿ ಅನ್ನುತ್ತಿದ್ದಾರೆ. ಅದಕ್ಕೇ ಬರೆದು ಇಡೋಣ ಅನಿಸಿತು.

1880ರಲ್ಲಿ ಗಣಿ ನಡೆಸೋಕೆ ಬ್ರಿಟಿಷರ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ದು ನಿಮಗೆಲ್ಲ ಗೊತ್ತೇ ಇದೆ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ ಹೋಗಿತ್ತು ಅನ್ನೋದೂ ಗೊತ್ತು. ಆದರೆ ಅಷ್ಟು ಆಳಕ್ಕೆ ಇಳಿದು ಹತ್ತಿದ ಮನುಷ್ಯ ಯಾವ ಬಿದಿರು ತಟ್ಟಿಯ ಮನೆಗೆ ಬಂದು ಮಲಗುತ್ತಿದ್ದ, ಪಕ್ಕದ ಮನೆಯಲ್ಲಿ ಯಾರಿದ್ದರು? ನನಗೆ ಬೇಕಿದ್ದದ್ದು ಅದು.

ಮೊದಲ ವರ್ಷ ಪೂರ್ತಿ ದಂಡ. ಒಂದು ಹಾಲ್ ಬಾಡಿಗೆ ಹಿಡಿದು, ಊಟ ಹಾಕಿಸಿ, ಹಳೇ ಕಾರ್ಮಿಕರನ್ನ ಕರೆಸಿದೆ. ಪ್ರಶ್ನೆಪತ್ರಿಕೆ ಬೇರೆ ಛಾಪಿಸಿದ್ದೆ. ಒಂಬತ್ತು ಸಾವಿರದ ಮೇಲೆ ಖರ್ಚಾಯಿತು. ಎಲ್ಲರೂ ಹೇಳಿದ್ದು ಒಂದೇ ಕಥೆ: ಒಳಗಿನ ಸೆಕೆ, ಲಿಫ್ಟ್‌ನ ವೇಗ, ದೊರೆಗಳ ಬಂಗಲೆ. ವರ್ಷಾನುಗಟ್ಟಲೆ ಬಂದವರಿಗೆಲ್ಲ ಹೇಳಿ ಹೇಳಿ ನಯವಾದ ಮಾತು. ಆಮೇಲೆ ಮನೆಮನೆಗೆ ರೆಕಾರ್ಡರ್ ಹಿಡಿದು ಹೋದೆ. ಅಲ್ಲಿ ಇನ್ನೊಂದು ಕಷ್ಟ. ಧೂಳು ಕುಡಿದ ಎದೆ, ಹತ್ತು ನಿಮಿಷ ಮಾತಾಡಿದರೆ ಕೆಮ್ಮು. ಒಬ್ಬ ತಾತ ಕೆಮ್ಮುತ್ತಾ ಕೆಮ್ಮುತ್ತಾ ಗೋಡೆ ಹಿಡಿದುಕೊಂಡರು. ಅವತ್ತೇ ಗಂಡಸರನ್ನ ಉದ್ದುದ್ದ ಕೇಳೋದು ಬಿಟ್ಟೆ. ಮಧ್ಯೆ ಹಳೇ ನಕ್ಷೆಯನ್ನ ಕಂಪ್ಯೂಟರ್‌ನಲ್ಲಿ ಈಗಿನ ನಕ್ಷೆ ಮೇಲೆ ಕೂರಿಸಿಕೊಡಿ ಅಂತ ಒಬ್ಬರಿಗೆ ಹನ್ನೆರಡು ಸಾವಿರ ಕೊಟ್ಟೆ. ಅವರು ಕೂರಿಸಿದ ಮೇಲೆ ಮಾರಮ್ಮನ ಗುಡಿ ಸೈನೈಡ್ ಗುಡ್ಡದ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ರಾಶಿಯ, ಒಳಗೆ ಹೋಗಿತ್ತು!

ದಾರಿ ತೋರಿಸಿದ್ದು ಒಬ್ಬ ಅಜ್ಜಿ. ಕುಡಿಯೋಕೆ ನೀರು ಕೇಳಿದೆ. ಲೋಟ ಕೊಡುತ್ತಾ, "ಇದೂ ಒಂದು ನೀರಾ ಸಾರ್? ನಮ್ಮ ಲೈನ್ ನಲ್ಲೀಲಿ ಬೇತಮಂಗಲದ ನೀರು ಬರ್ತಿತ್ತು" ಅಂದರು. ಯಾವ ನಲ್ಲಿ ಅಂತ ಸುಮ್ನೆ ಕೇಳಿದೆ. ಮೊರದಲ್ಲಿ ಹುಣಸೆಬೀಜ ಇತ್ತು. ಒಂದನ್ನ ನೆಲದ ಮೇಲಿಟ್ಟು "ಇದು ನಲ್ಲಿ" ಅಂದರು. ಆಮೇಲೆ ಒಂದೊಂದೇ ಬೀಜ ಇಡುತ್ತಾ ಹೋದರು. "ಇದು ನಮ್ಮ ಕೊಡ. ನನ್ನ ಹಿಂದೆ ಮೇಸ್ತ್ರಿ ಹೆಂಡತಿ. ಅವಳ ಹಿಂದೆ ಕಿವುಡಿ. ಇವಳು ಯಾವಾಗ್ಲೂ ಮಧ್ಯ ನುಗ್ಗೋಳು." ಅರ್ಧ ಗಂಟೆಯಲ್ಲಿ 23 ಬೀಜ. ಹಾಲ್‌ನಲ್ಲಿ ಇಡೀ ದಿನ ಕೂತರೂ ನನಗೆ ಮೂರು ಮನೆ ಸಿಕ್ಕಿರಲಿಲ್ಲ.

ಆದರೂ ಮೊದಲ ನಕ್ಷೆ ತಪ್ಪಾಯಿತು. ಕೊಡದ ಸಾಲೇ ಮನೆ ಸಾಲು ಅಂದುಕೊಂಡುಬಿಟ್ಟಿದ್ದೆ. ಎರಡನೇ ಅಜ್ಜಿ ಹತ್ತಿರ ಕೂತಾಗ ಬೀಜಗಳೆಲ್ಲ ಅದಲುಬದಲು. ಎರಡು ತಿಂಗಳು ತಲೆ ಕೆಟ್ಟಿತು. ಆಮೇಲೆ ಹೊಳೆಯಿತು: ಯಾರ ಗಂಡ ಬೆಳಗಿನ ಪಾಳಿಯೋ ಅವರ ಕೊಡ ಮುಂದೆ. ಪಾಳಿ ಬದಲಾದರೆ ಸಾಲೂ ಬದಲು. ಅದು ಗೊತ್ತಾದ ಮೇಲೆ ಒಂದೇ ಸಲಕ್ಕೆ ಎರಡು ವಿಷಯ ಸಿಗೋಕೆ ಶುರುವಾಯಿತು, ಮನೆಯೂ ಪಾಳಿಯೂ.

ಈಗ ಹೀಗೆ ಮಾಡುತ್ತೇನೆ. ಹನ್ನೊಂದು ಗಂಟೆ ಮೇಲೆ, ಅಡುಗೆ ಆದಮೇಲೆ ಹೋಗೋದು. ನೆಲದ ಮೇಲೇ ಕೂರೋದು. ಇಬ್ಬರನ್ನ ಬೇರೆಬೇರೆ ಕೇಳೋದು, ಒಬ್ಬರ ನಕ್ಷೆ ಇನ್ನೊಬ್ಬರಿಗೆ ತೋರಿಸಬಾರದು. ಮೂರನೇ ಸಲ ಇಬ್ಬರನ್ನೂ ಜೊತೆಗೆ ಕೂರಿಸೋದು. ಆಗ ಆಗೋ ಜಗಳ ಇದೆಯಲ್ಲ, ಅದರಲ್ಲೇ ಅರ್ಧ ಚರಿತ್ರೆ ಇರುತ್ತೆ. ಇಸವಿ ಕೇಳಲೇಬೇಡಿ. "ಆಗ ಸೊಂಟದ ಮೇಲೆ ಯಾವ ಮಗು?" ಅಂತ ಕೇಳಿ. ದೊಡ್ಡ ಏರ್‌ಬ್ಲಾಸ್ಟ್‌ಗಳನ್ನೂ ಕಾಲ ಗುರುತಿಸೋ ಗೂಟ ಮಾಡಿಕೊಳ್ಳಿ. ಒಳಗೆ ಬಂಡೆ ಸಿಡಿದಾಗ ಮೇಲೆ ಮನೆ ನಡುಗಿ ಅಟ್ಟದ ಪಾತ್ರೆ ಉರುಳಿದ್ದನ್ನ ಯಾವ ಹೆಂಗಸೂ ಮರೆತಿಲ್ಲ. ಪಾತ್ರೆ ಬಿದ್ದ ಸದ್ದು ನಿಂತ ತಕ್ಷಣ ಎಲ್ಲರೂ ಶಾಫ್ಟ್ ಕಡೆ, ಗಣಿಗೆ ಇಳಿಯೋ ಬಾವಿಯ ಕಡೆ, ಓಡಿದವರೇ. ಮೊದಲನೇ ಬೀಜ ಯಾವುದಕ್ಕೆ ಇಡಿಸಬೇಕು ಅನ್ನೋದರಲ್ಲಿ ನನ್ನದೇ ಒಂದು ಲೆಕ್ಕ ಇದೆ. ಇನ್ನೆರಡು ಲೈನ್ ಮುಗಿಯೋವರೆಗೂ ಅದು ನನ್ನ ಹತ್ತಿರವೇ ಇರಲಿ.

ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗೋರ ಬೆಳಗಿನ ರೈಲಿನಲ್ಲಿ ಒಂದು ವಾರ ಓಡಾಡಿದೆ. ಪಾಪ, ನಿದ್ದೆಗೆಟ್ಟ ಜನ, ರೈಲಿನ ಸದ್ದು ಬೇರೆ. ಒಂದು ಮಾತೂ ಸರಿಯಾಗಿ ರೆಕಾರ್ಡ್ ಆಗಲಿಲ್ಲ. ಸ್ಮಶಾನದ ಕಲ್ಲುಗಳ ಮೇಲಿನ ಹೆಸರು ಓದೋದು ಮಾತ್ರ ಗೆದ್ದಿತು. ಸವೆದ ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜಬೇಡಿ, ಕಲ್ಲು ಹಾಳಾಗುತ್ತೆ. ಕ್ಷೌರದಂಗಡಿಯ ಹಳೇ ಕನ್ನಡಿ ಒಂದನ್ನ ನೂರೈವತ್ತು ರೂಪಾಯಿಗೆ ತಂದೆ. ಪಕ್ಕದಿಂದ ಓರೆಯಾಗಿ ಬಿಸಿಲು ಬಿಟ್ಟರೆ ಹೆಸರು ಎದ್ದು ಬರುತ್ತೆ. ಇನ್ನೊಬ್ಬ ತಾತ, ನ್ಯೂಟ್ರಿನೊ ಅನ್ನೋ ಅತಿಸೂಕ್ಷ್ಮ ಕಣ ಹಿಡಿಯೋಕೆ ಬಂದ ವಿಜ್ಞಾನಿಗಳ ಪೆಟ್ಟಿಗೆ ಹೊತ್ತು ಒಳಗಿಳಿಸಿದ್ದು ನಾನೇ ಅಂದರು. ಆ ಪ್ರಯೋಗ 1965ರದ್ದು, ನೆಲದಿಂದ ಎರಡು ಕಿ.ಮೀ.ಗೂ ಕೆಳಗೆ. ಅವರ ಕಥೆ ಬೇರೆಯೇ ಬರೆಯುತ್ತೇನೆ.

ಒಟ್ಟು ಅರವತ್ತು, ಅರವತ್ತೈದು ಸಾವಿರ ಕೈಬಿಟ್ಟು ಹೋಗಿರಬೇಕು. ಆಟೋಗೇ ಜಾಸ್ತಿ ಹೋಯಿತು. ಫೋಟೋ ಪ್ರಿಂಟಿಗೆ ಏಳೆಂಟು ಸಾವಿರ. ಅದರಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ತೆಗೆದ ಫೋಟೋ ತಂದುಕೊಟ್ಟವರಿಗೆ ಎರಡನೇ ಸಲ ಬಾಗಿಲು ತೆರೆಯುತ್ತೆ. ಹುಣಸೆಬೀಜಕ್ಕೆ ಕಾಸು ಬೇಡ. ಇನ್ನೊಂದು ಮಾತು, ಜಾಗ ನೋಡೋಕೆ ಹೋದರೆ ಶಾಫ್ಟ್‌ಗಳ ಹತ್ತಿರ ಹೋಗಲೇಬೇಡಿ. ಮುಚ್ಚಿದ್ದಾರೆ ಅಂದುಕೊಂಡ ನೆಲವೂ ಕುಸಿಯುತ್ತೆ.

ನಕ್ಷೆ ಸರಿ ಇದೆ ಅಂತ ನನಗೆ ಖಾತ್ರಿಯಾದದ್ದು ಹೋದ ಜನವರಿಯಲ್ಲಿ. ಮೊದಲನೇ ಅಜ್ಜಿಯನ್ನ ಆಟೋದಲ್ಲಿ ಕರೆದುಕೊಂಡು ಹೋದೆ. ಗುಡಿ ಇದ್ದ ಕಡೆಯಿಂದ ಹೆಜ್ಜೆ ಎಣಿಸಿ ನಕ್ಷೆ ಹೇಳಿದಲ್ಲಿ ನಿಂತು, ಕುಡುಗೋಲಲ್ಲಿ ಮುಳ್ಳು ಸವರಿದೆ. ಗೇಣುದ್ದದ ತುಕ್ಕು ಹಿಡಿದ ಪೈಪು, ಅದರ ಬುಡಕ್ಕೆ ಒಂದು ಚಪ್ಪಡಿ. ಚಪ್ಪಡಿ ನಡುವೆ ಕೊಡ ಇಟ್ಟು ಇಟ್ಟು ಸವೆದ ಗುಂಡಿ. ಅಜ್ಜಿ ಬಗ್ಗಿ ಅದರೊಳಗಿನ ಮಣ್ಣನ್ನ ಸೆರಗಿನಿಂದ ಒರೆಸಿದರು. ಆಮೇಲೆ ತಿರುಗಿ, "ಆ ಕಡೆ ಇನ್ನೊಂದು ನಲ್ಲಿ ಇತ್ತು ಸಾರ್, ಅದರದ್ದೂ ನೋಡೋಣ ಬನ್ನಿ" ಅಂತ ನನಗಿಂತ ಮುಂದೆ ನಡೆದರು.